ಪಿಯುಸಿ ಭೌತಶಾಸ್ತ್ರ: ಆರಂಭದಲ್ಲೇ ಮಕ್ಕಳು ಎಡವುವುದೇಕೆ?

ಎಸ್.ಎಸ್.ಎಲ್.ಸಿ.ಯಲ್ಲಿ ವಿಜ್ಞಾನಕ್ಕೆ ಉತ್ತಮ ಅಂಕ ಪಡೆದ ಮಗಳು ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾದರೆ ಮನೆಯವರಿಗೆ ಗಾಬರಿ. ಮೊಬೈಲೇ ಕಾರಣವೆಂಬ ತೀರ್ಪು ಕೂಡಲೇ ಬರುತ್ತದೆ. ಕೆಲವರು ಅವಸರದಲ್ಲಿ ಕಾಮರ್ಸ್‌ಗೆ ಬದಲಾಯಿಸುತ್ತಾರೆ. ಕಾಮರ್ಸ್ ಕೀಳೆಂದು ಹೇಳುತ್ತಿಲ್ಲ. ಆದರೆ ಎಡವಿದ್ದೆಲ್ಲಿ ಎಂದು ನೋಡದೆ ವಿಷಯವನ್ನೇ ಬಿಡುವುದು ಸರಿಯಲ್ಲ.

ನಮ್ಮ ಪಿಯು ವಿಜ್ಞಾನದ ಪಠ್ಯ ಎನ್.ಸಿ.ಇ.ಆರ್.ಟಿ.ಯದು. ಅದರ ಭೌತಶಾಸ್ತ್ರ ಪುಸ್ತಕದ 2ನೇ ಅಧ್ಯಾಯದಲ್ಲೇ 'ಡೆರಿವೇಟಿವ್' ಬಳಕೆಗೆ ಬರುತ್ತದೆ. ಗಣಿತ ಪುಸ್ತಕದಲ್ಲಿ ಅದೇ ಪಾಠ 14 ಅಧ್ಯಾಯಗಳ ಪೈಕಿ 12ನೆಯದು! ಭೌತಶಾಸ್ತ್ರದ 3ನೇ ಅಧ್ಯಾಯಕ್ಕೆ ಬೇಕಾಗುವ ವೆಕ್ಟರ್, ಗಣಿತದಲ್ಲಿ ದ್ವಿತೀಯ ಪಿಯುಸಿಯ ಪಾಠ. ಗಣಿತದ ತರಗತಿಯಲ್ಲಿ ಇನ್ನೂ ಕಲಿಸದ್ದನ್ನು ಭೌತಶಾಸ್ತ್ರದ ತರಗತಿಯಲ್ಲಿ ಬಳಸಬೇಕಾಗುತ್ತದೆ. ಮಗು ತಾನೇ ದಡ್ಡಿ ಎಂದುಕೊಳ್ಳುತ್ತದೆ.

ಈ ಡೆರಿವೇಟಿವ್ ಅಂದರೇನು? 20 ಮೀಟರ್ ಎತ್ತರದ ತೆಂಗಿನ ಮರದಿಂದ ಕಾಯಿ ಬೀಳುತ್ತದೆ ಎನ್ನಿ. ನೆಲ ಮುಟ್ಟಲು ಸುಮಾರು 2 ಸೆಕೆಂಡು ಬೇಕು. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸೆಕೆಂಡಿಗೆ 10 ಮೀಟರ್. ಆದರೆ ನೆಲ ಮುಟ್ಟುವ ಆ ಕ್ಷಣದ ವೇಗ ಎಷ್ಟು? ಕೊನೆಯ 1 ಸೆಕೆಂಡನ್ನು ಮಾತ್ರ ಲೆಕ್ಕ ಹಾಕಿದರೆ 15. ಕೊನೆಯ 0.1 ಸೆಕೆಂಡಿಗೆ 19.5. ಕೊನೆಯ 0.01 ಸೆಕೆಂಡಿಗೆ 19.95. ಕಾಲವನ್ನು ಕಿರಿದುಗೊಳಿಸಿದಂತೆ ಉತ್ತರ 20ರ ಹತ್ತಿರ ಹೋಗುತ್ತದೆ. ಅಂದರೆ ಗಂಟೆಗೆ 72 ಕಿಲೋಮೀಟರ್. (ಮರದಡಿ ನಿಲ್ಲಬೇಡಿ ಎಂದು ಹಿರಿಯರು ಗದರುತ್ತಿದ್ದುದು ಸುಮ್ಮನೆ ಅಲ್ಲ.) ಡೆರಿವೇಟಿವ್‌ನ ತಿರುಳು ಇಷ್ಟೇ. ಸೂತ್ರ ಬಾಯಿಪಾಠ ಮಾಡಿದ ಮಗುವಿಗಿಂತ ಹೀಗೆ ಒಂದು ಸಲ ಲೆಕ್ಕ ಹಾಕಿದ ಮಗು ಮುಂದೆ ಹೋಗುತ್ತದೆ.

ವಿಷಯ ಬಿಟ್ಟರೆ ಮುಚ್ಚುವ ದಾರಿಗಳನ್ನೂ ಪೋಷಕರು ತಿಳಿದಿರಬೇಕು. ಬಿ.ಎಸ್ಸಿ. ನರ್ಸಿಂಗ್‌ಗೆ ಜೀವಶಾಸ್ತ್ರ ಸಾಕೆಂದು ತಿಳಿದವರಿದ್ದಾರೆ. ಭೌತಶಾಸ್ತ್ರವೂ ಬೇಕೇ ಬೇಕು. ನೀಟ್ ಪರೀಕ್ಷೆಯ 720 ಅಂಕಗಳಲ್ಲಿ 180 ಭೌತಶಾಸ್ತ್ರದವು. ಹಡಗಿನ ಡೆಕ್ ಅಧಿಕಾರಿಯಾಗುವ ತರಬೇತಿಗೂ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು.

ಇನ್ನು, ವಾರ್ಷಿಕ 100 ಅಂಕಗಳಲ್ಲಿ 30 ಪ್ರಾಯೋಗಿಕಕ್ಕೆ. ಲ್ಯಾಬ್ ತಪ್ಪಿಸಿ ಟ್ಯೂಷನ್‌ಗೆ ಹೋಗುವುದು ನಷ್ಟದ ವ್ಯಾಪಾರ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದು ಕಾಲೇಜು ಆರಂಭವಾಗುವ ತನಕ ವಾರಗಳೇ ಸಿಗುತ್ತವೆ. ವಾಳೆಯ ಗುರಿಕಾರರು ಮನಸ್ಸು ಮಾಡಿದರೆ ನಿವೃತ್ತ ಶಿಕ್ಷಕರೊಬ್ಬರನ್ನು ಕರೆದು ಹತ್ತು ದಿನ ವೆಕ್ಟರ್, ಗ್ರಾಫ್, ಡೆರಿವೇಟಿವ್ ಇಷ್ಟನ್ನೇ ಹೇಳಿಸಬಹುದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಪುಟ್ಟ ಪದಪಟ್ಟಿಯೂ ಬೇಕು: ಜವ ಎಂದರೆ ಸ್ಪೀಡ್, ವೇಗ ಎಂದರೆ ವೆಲಾಸಿಟಿ, ವೇಗೋತ್ಕರ್ಷ ಎಂದರೆ ಆಕ್ಸಲರೇಶನ್. ಪಾಠ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಅಂಕ ಕಳೆದುಕೊಳ್ಳುವವರು ಹೆಚ್ಚಾಗಿ ಈ ಮಕ್ಕಳೇ.