ಕುಂಬಾರನ ಹಣತೆ
ಕ್ರಿ.ಶ. 200ರ ಸುಮಾರಿಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದಲ್ಲಿ ಕ್ಲೆಮೆಂಟ್ ಎಂಬ ಕ್ರೈಸ್ತ ಗುರುವಿದ್ದನು. ಅಲ್ಲಿನ ಸಿರಿವಂತರಿಗೆ ಬೆಳ್ಳಿಯ ಪಾತ್ರೆ, ದಂತದ ಮಂಚಗಳ ಹುಚ್ಚು. ಹಿಡಿಗೆ ದಂತವಿಲ್ಲದಿದ್ದರೆ ಚೂರಿ ಕೊಯ್ಯದೇ, ಕುಂಬಾರನ ಹಣತೆ ಅಕ್ಕಸಾಲಿಗನ ದೀಪಕ್ಕಿಂತ ಮಂಕೇ ಎಂದು ಅವನು ‘ಪೆಡಗೋಗಸ್’ ಗ್ರಂಥದಲ್ಲಿ ಕೇಳುತ್ತಾನೆ. ಮಗಳ ಮದುವೆಗೆ ಪವನು ಎಣಿಸುವ ನಮಗೂ ಈ ಪ್ರಶ್ನೆ ತುಸು ಚುಚ್ಚುತ್ತದೆ.

ಚಿನ್ನ ಹೇರಿಕೊಂಡ ಹೆಂಗಸರನ್ನು ಅವನು, ಹೊರಗೆ ಥಳಥಳಿಸುತ್ತ ಒಳಗೆ ಮೊಸಳೆಯನ್ನಿರಿಸಿಕೊಂಡ ಈಜಿಪ್ಟಿನ ದೇಗುಲಕ್ಕೆ ಹೋಲಿಸಿದನು. ಮಾತು ಕಟುವಾಯಿತು, ಅನ್ಯರ ನಂಬಿಕೆಗೆ ಅಗೌರವವೂ ಹೌದೆಂದು ನಮ್ಮ ಅನಿಸಿಕೆ. ಆದರೆ ನರೆಗೆ ಬಣ್ಣ ಬಳಿಯುವ, ಮೈರೋಮ ಕೀಳಿಸುವ ಗಂಡಸರನ್ನೂ ಅವನು ಬಿಡಲಿಲ್ಲ. ತನ್ನನ್ನು ಅರಿತವನು ದೇವರನ್ನು ಅರಿತು ಅವನಂತಾಗುತ್ತಾನೆ, ಅದೇ ನಿಜವಾದ ಚೆಲುವು ಎಂದನು. ಹಾಗೆಂದು ಆಸ್ತಿಯನ್ನೆಲ್ಲ ಎಸೆಯಿರೆಂದು ಹೇಳಲಿಲ್ಲ. ಎಲ್ಲರೂ ಬರಿಗೈಯಾದರೆ ಹಸಿದವನಿಗೆ ಅನ್ನ ಹಾಕುವವರಾರು ಎಂಬುದು ಅವನ ವಾದವಾಗಿತ್ತು.