ಮೂರು ಗೆರೆಯ ಚೌಕ

ಒಂದು ಹಾಳೆ, ಒಂದು ಪೆನ್ಸಿಲು ತೆಗೆದುಕೊಳ್ಳಿ. ಪುಟ್ಟದೊಂದು ಚೌಕ ಬರೆಯಿರಿ. ಎಷ್ಟು ಗೆರೆ ಎಳೆದಿರಿ? ನಾಲ್ಕು ಬದಿ, ಆದ್ದರಿಂದ ನಾಲ್ಕು ಗೆರೆ ಎನ್ನುತ್ತೀರಿ. ಕೆಲವರು ಪೆನ್ಸಿಲು ಎತ್ತದೆ ಒಂದೇ ಸುತ್ತಿನಲ್ಲಿ ಮುಗಿಸಿರಲೂಬಹುದು. ಚೀನೀ ಲಿಪಿಯಲ್ಲಿ ಈ ಚೌಕಕ್ಕೆ 'ಬಾಯಿ' ಎಂದು ಅರ್ಥ. ಅದರ ಗೆರೆಗಳು ನಾಲ್ಕೂ ಅಲ್ಲ, ಒಂದೂ ಅಲ್ಲ, ಮೂರು.

ಮೊದಲನೆಯದು ಎಡಬದಿ, ಮೇಲಿನಿಂದ ಕೆಳಕ್ಕೆ. ಎರಡನೆಯದು ಮೇಲಂಚಿನಲ್ಲಿ ಎಡದಿಂದ ಬಲಕ್ಕೆ ಸಾಗಿ, ಮೂಲೆಯಲ್ಲಿ ಲೇಖನಿ ಎತ್ತದೆ ಕೆಳಕ್ಕೆ ತಿರುಗುತ್ತದೆ. ಮೂರನೆಯದು ತಳವನ್ನು ಮುಚ್ಚುವ ಅಡ್ಡಗೆರೆ.

ಈ ಬರಹ ಕಲಿಯಲು ಕುಳಿತ ಮೊದಲ ದಿನ ನಾನೂ ನಾಲ್ಕು ಗೆರೆಯ ಚೌಕವನ್ನೇ ಬರೆದೆ. ಪುಸ್ತಕದಲ್ಲಿದ್ದಂತೆಯೇ ಕಾಣುತ್ತಿತ್ತು. ಉತ್ತರ ಸರಿ ಬಂದ ಮೇಲೆ ದಾರಿ ಯಾವುದಾದರೇನು ಎಂದುಕೊಂಡೆ. ಆ ಬಿಂಕ ಇಳಿದದ್ದು ನಿಘಂಟು ತೆರೆದಾಗ.

ನಮ್ಮಲ್ಲಿರುವಂತೆ ಅ, ಆ, ಇ, ಈ ಎಂಬ ವರ್ಣಮಾಲೆ ಚೀನೀ ಲಿಪಿಗಿಲ್ಲ. 1716ರಲ್ಲಿ ಸಿದ್ಧವಾದ ಕಾಂಗ್‌ಶಿ ನಿಘಂಟು ಸುಮಾರು 47,000 ಅಕ್ಷರಗಳನ್ನು 214 ಮೂಲ ಚಿಹ್ನೆಗಳ ಅಡಿಯಲ್ಲಿ ವಿಂಗಡಿಸಿತು. ಆ ಚಿಹ್ನೆಗಳನ್ನು ಗೆರೆಗಳ ಸಂಖ್ಯೆಗೆ ತಕ್ಕಂತೆ ಸಾಲಾಗಿ ಜೋಡಿಸಿತು. ಅದೇ ಪದ್ಧತಿಯ ನಿಘಂಟಿನಲ್ಲಿ ನಾನು ನಾಲ್ಕು ಗೆರೆಗಳ ಗುಂಪನ್ನು ಹುಡುಕಿದೆ. ಸೂರ್ಯ, ಚಂದ್ರ, ಮರ, ನೀರು, ಬೆಂಕಿ ಎಲ್ಲ ಸಿಕ್ಕವು. ಬಾಯಿ ಮಾತ್ರ ಸಿಗಲಿಲ್ಲ. ಅದು ಮೂರರ ಗುಂಪಿನಲ್ಲಿತ್ತು. ಇಂದಿನ ನಿಘಂಟುಗಳಲ್ಲಿ ಉಚ್ಚಾರಣೆಯ ಕ್ರಮವೂ ಉಂಟು, ನಿಜ. ಆದರೆ ಉಚ್ಚಾರಣೆಯೇ ತಿಳಿಯದ ಅಕ್ಷರ ಎದುರಾದರೆ ಗೆರೆಗಳ ಲೆಕ್ಕ ಇಂದಿಗೂ ಬೇಕಾಗುತ್ತದೆ.

ಲೆಕ್ಕದಷ್ಟೇ ಕ್ರಮವೂ ಮುಖ್ಯ. ನಿಯಮಗಳು ಕೆಲವೇ. ಮೇಲಿನದು ಮೊದಲು, ಕೆಳಗಿನದು ಆಮೇಲೆ. ಎಡಗಡೆಯದು ಮೊದಲು, ಬಲಗಡೆಯದು ಆಮೇಲೆ. ಗೆರೆಗಳು ಒಂದನ್ನೊಂದು ದಾಟುವಲ್ಲಿ ಸಾಮಾನ್ಯವಾಗಿ ಅಡ್ಡಗೆರೆ ಮೊದಲು. ಕೂಡುವ ಚಿಹ್ನೆಯಂತಿರುವ 'ಹತ್ತು' ಎಂಬ ಅಕ್ಷರ ಹೀಗೆ ಎರಡು ಗೆರೆಯದು. ಅದರ ಸಂಧಿಯಿಂದ ಎಡಕ್ಕೊಂದು, ಬಲಕ್ಕೊಂದು ಓರೆಗೆರೆ ಇಳಿಸಿದರೆ ನಾಲ್ಕು ಗೆರೆಯ 'ಮರ'. 'ಚಿಕ್ಕದು' ಎಂಬ ಅಕ್ಷರದಲ್ಲಿ ನಡುಗಂಬ ಮೊದಲು, ಇಕ್ಕೆಲದ ಗೆರೆಗಳು ನಂತರ. ಚೌಕದೊಳಗೆ ಏನಾದರೂ ಇದ್ದರೆ ಅದನ್ನು ಬರೆದ ಮೇಲೆಯೇ ತಳ ಮುಚ್ಚಬೇಕು. ಎಲ್ಲರೂ ಒಳಗೆ ಬಂದ ಮೇಲೆ ಬಾಗಿಲು ಹಾಕಿದ ಹಾಗೆ.

ಇಷ್ಟೊಂದು ಕಟ್ಟುನಿಟ್ಟು ಏಕೆ? ಬೇಗ ಬರೆಯುವಾಗ ಕುಂಚ ಕಾಗದದಿಂದ ಪೂರ್ತಿ ಮೇಲೇಳುವುದಿಲ್ಲ. ಒಂದು ಗೆರೆಯ ಕೊನೆಯಿಂದ ಮುಂದಿನ ಗೆರೆಯ ಮೊದಲಿಗೆ ತೆಳುವಾದ ಎಳೆಯೊಂದು ಉಳಿಯುತ್ತದೆ. ಓದುವವರು ಆ ಎಳೆಯ ಜಾಡು ಹಿಡಿದೇ ಅಕ್ಷರವನ್ನು ಗುರುತಿಸುತ್ತಾರೆ. ಕ್ರಮ ತಪ್ಪಿದರೆ ಎಳೆಗಳು ಎಲ್ಲೆಲ್ಲೋ ಓಡುತ್ತವೆ, ಬರಹ ಓದಲಾಗದಂತಾಗುತ್ತದೆ. ಕ್ರಿ.ಶ. 353ರಲ್ಲಿ ವಾಂಗ್ ಶೀಝಿ ಬರೆದ ಪ್ರಸಿದ್ಧ ಮುನ್ನುಡಿಯ ಮೊದಲ ಅಕ್ಷರ 'ಯೊಂಗ್', ಅಂದರೆ ಶಾಶ್ವತ. ಅದರಲ್ಲಿರುವುದು ಐದೇ ಗೆರೆ. ಆದರೂ ಕುಂಚದ ಎಂಟು ಬಗೆಯ ಚಲನೆ ಅದರಲ್ಲಿ ಅಡಗಿವೆ ಎಂದು ಕಲಿಯುವವರು ಶತಮಾನಗಳಿಂದ ಅದನ್ನೇ ತಿದ್ದುತ್ತ ಬಂದಿದ್ದಾರೆ.

ಹಾಗೆಂದು ಇದು ಪ್ರಕೃತಿಯ ನಿಯಮವೇನಲ್ಲ. ಚೌಕದೊಳಗೆ ಕೂಡುವ ಚಿಹ್ನೆ ಬರೆದರೆ 'ಹೊಲ' ಎಂದಾಗುತ್ತದೆ. ಚೀನಾದ ಮಕ್ಕಳು ಒಳಗಿನ ಅಡ್ಡಗೆರೆಯನ್ನು ಮೊದಲು ಎಳೆಯುತ್ತಾರೆ. ಜಪಾನಿನ ಮಕ್ಕಳು ಉದ್ದಗೆರೆಯನ್ನು. ಎರಡೂ ಸರಿ. ಒಂದನ್ನು ಹಿಡಿದು ಬಿಡದಿರುವುದು ಮುಖ್ಯ.

ಇಂದು ಚೀನಾದಲ್ಲಿ ಬಹುಮಂದಿ ಫೋನಿನಲ್ಲಿ ರೋಮನ್ ಅಕ್ಷರ ಒತ್ತಿ, ತೆರೆಯ ಮೇಲೆ ಮೂಡಿದ ಸಾಲಿನಿಂದ ಬೇಕಾದುದನ್ನು ಆರಿಸಿಕೊಳ್ಳುತ್ತಾರೆ. ಕಣ್ಣು ಗುರುತಿಸುತ್ತದೆ, ಕೈ ಮರೆಯುತ್ತದೆ. 'ಲೇಖನಿ ಎತ್ತಿದೆ, ಅಕ್ಷರ ಮರೆತೆ' ಎಂಬರ್ಥದ ನಾಲ್ಕು ಪದಗಳ ಮಾತು ಅಲ್ಲಿ ಬಳಕೆಯಲ್ಲಿದೆ. ಆಗ ನೆರವಿಗೆ ಬರುವುದು ಈ ಕ್ರಮವೇ. ಹಾಡಿನ ನಡುವಿನ ಸಾಲು ಮರೆತಾಗ ಪಲ್ಲವಿಯಿಂದ ಹಾಡಿಕೊಂಡು ಬಂದರೆ ಅದು ತಾನಾಗಿ ನಾಲಿಗೆಗೆ ಬರುವುದಿಲ್ಲವೇ? ಹಾಗೆಯೇ ಮೊದಲ ಗೆರೆ ಎಳೆದರೆ ಎಷ್ಟೋ ಸಲ ಮುಂದಿನದು ತಾನೇ ಹಿಂಬಾಲಿಸುತ್ತದೆ.

ಅಚ್ಚಾದ ಪುಟ ಬರೆದು ಮುಗಿಸಿದ ಅಕ್ಷರವನ್ನಷ್ಟೇ ತೋರಿಸಬಲ್ಲದು. ಆದುದರಿಂದ ತೆರೆಯ ಮೇಲೆ ಇದನ್ನು ನೋಡುವಾಗ ಬರೆಯುವವರ ಮುಖವನ್ನಲ್ಲ, ಕೈಯನ್ನು ಗಮನಿಸಿ. ಅಲ್ಲಿಯವರೆಗೆ ಅದೇ ಹಾಳೆಯಲ್ಲಿ 'ಹೊಲ' ಬರೆದು ಗೆರೆ ಎಣಿಸಿ. ಐದು ಬಂದರೆ ನಿಮ್ಮ ಕೈ ಅಕ್ಷರ ಬರೆಯತೊಡಗಿದೆ ಎಂದು ತಿಳಿಯಿರಿ. ಆರು ಬಂದರೆ ಅದು ಇನ್ನೂ ಚಿತ್ರ ಬಿಡಿಸುತ್ತಿದೆ; ಚೌಕದಿಂದ ಮತ್ತೆ ಪ್ರಾರಂಭಿಸಿ.