ಇದ್ದೂ ಕೆಲಸಕ್ಕೆ ಬಾರದ ಸರ್ಕ್ಯೂಟ್

ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ತೆರೆದು ಒಂದು ವಿಡಿಯೋ ಹಚ್ಚಿ. ಸ್ವಲ್ಪ ಹೊತ್ತಿಗೆ ಫ್ಯಾನು ಗುಂಯ್ಗುಡತೊಡಗುತ್ತದೆ, ಕೀಲಿಮಣೆ ಬಿಸಿಯಾಗುತ್ತದೆ, ಬ್ಯಾಟರಿ ಸರಸರನೆ ಇಳಿಯುತ್ತದೆ. ವಿಂಡೋಸ್ ಇದ್ದಾಗ ಇದೇ ಯಂತ್ರ ತಣ್ಣಗಿತ್ತು. ಅದರ ಚಿಪ್‌ನ ಒಂದು ಮೂಲೆಯಲ್ಲಿ ವಿಡಿಯೋ ಬಿಚ್ಚುವುದಕ್ಕೆಂದೇ ಕೆತ್ತಿದ ಸರ್ಕ್ಯೂಟ್ ಇದೆ. ದುಡ್ಡು ಕೊಟ್ಟು ಕೊಂಡದ್ದು ಅದು. ಆದರೂ ಸುಮ್ಮನೆ ಕೂತಿದೆ.

ಆ ಸರ್ಕ್ಯೂಟ್ ಯಾಕೆ ಬೇಕು ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 1920×1080 ಅಳತೆಯ ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್‌ಗಳು. ಸೆಕೆಂಡಿಗೆ 30 ಫ್ರೇಮು, ಪಿಕ್ಸೆಲ್‌ಗೆ 24 ಬಿಟ್ ಹಿಡಿದರೆ ಒಂದೇ ಸೆಕೆಂಡಿಗೆ 149 ಕೋಟಿ ಬಿಟ್‌ಗಳಾಗುತ್ತವೆ. ಮನೆಯ ಇಂಟರ್ನೆಟ್‌ನಲ್ಲಿ ಹರಿದು ಬರುವುದು ಅದರಲ್ಲಿ ಕೆಲವು ದಶಲಕ್ಷ ಮಾತ್ರ. ಇಷ್ಟು ಒತ್ತಿ ಕಟ್ಟಿದ ಗಂಟನ್ನು ಪ್ರತಿ ಫ್ರೇಮಿಗೆ 33 ಮಿಲಿಸೆಕೆಂಡಿನೊಳಗೆ ಬಿಚ್ಚಬೇಕು.

ಗಂಟು ಕಟ್ಟುವ ಜಾಣ್ಮೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. ಬಹುಪಾಲು ಫ್ರೇಮುಗಳು ಪೂರ್ತಿ ಚಿತ್ರಗಳೇ ಅಲ್ಲ, ಬರೀ ಸೂಚನೆಗಳು: ಹಿಂದಿನ ಫ್ರೇಮಿನ ಈ ಚೌಕವನ್ನು ಎತ್ತಿ ಇಷ್ಟು ಎಡಕ್ಕಿಡು, ಉಳಿದ ವ್ಯತ್ಯಾಸವನ್ನು ಹೀಗೆ ಕೂಡಿಸು. 2003ರಲ್ಲಿ ಬಂದ ಎಚ್.264 ಎಂಬ ವಿಧಾನ ಚಿತ್ರವನ್ನು 16×16 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ, ಅವುಗಳ ಚಲನೆಯನ್ನು ಕಾಲು ಪಿಕ್ಸೆಲ್‌ನಷ್ಟು ಸೂಕ್ಷ್ಮವಾಗಿ ಬರೆದಿಡುತ್ತದೆ. ಆಮೇಲೆ ಆ ಬರಹವನ್ನೂ ಒತ್ತಿ ಕುಗ್ಗಿಸುತ್ತದೆ. ಈ ಕೊನೆಯ ಹಂತದಲ್ಲಿ ಮುಂದಿನ ಬಿಟ್‌ನ ಅರ್ಥ ಹಿಂದಿನವನ್ನು ಅವಲಂಬಿಸಿರುವುದರಿಂದ ಕೆಲಸವನ್ನು ಎಂಟು ಕೋರ್‌ಗಳಿಗೆ ಸಲೀಸಾಗಿ ಹಂಚಲು ಬರುವುದಿಲ್ಲ. ಸಾಮಾನ್ಯ ಪ್ರೊಸೆಸರ್ ಏದುಸಿರು ಬಿಡುವುದು ಇಲ್ಲೇ. ಹಿಟ್ಟಿನ ಗಿರಣಿಗೆ ರೊಟ್ಟಿ ತಟ್ಟಲು ಬಾರದು, ಆದರೆ ಬೀಸುವುದರಲ್ಲಿ ಅದಕ್ಕೆ ಸಮನಾದ ಕೈ ಇಲ್ಲ. ಗಂಟು ಬಿಚ್ಚುವ ಡಿಕೋಡರ್ ಸರ್ಕ್ಯೂಟೂ ಹಾಗೆಯೇ, ಒಂದೇ ಕೆಲಸ ಬಲ್ಲದು. ಅದನ್ನು ತೀರಾ ಕಡಿಮೆ ವಿದ್ಯುತ್ತಿನಲ್ಲಿ ಮಾಡಿ ಮುಗಿಸುತ್ತದೆ.

ಹಾಗಿದ್ದರೆ ಬ್ರೌಸರ್ ಅದನ್ನು ಕರೆಯುವುದಿಲ್ಲವೇಕೆ? ನಡುವೆ ಹಲವು ಕೈಗಳಿವೆ. ಕರ್ನೆಲ್ಲಿನ ಡ್ರೈವರ್, ಅದರ ಮೇಲೊಂದು ಲೈಬ್ರರಿ, ಆಮೇಲೆ ಬ್ರೌಸರ್, ಕೊನೆಗೆ ಪರದೆಯ ಮೇಲೆ ಚಿತ್ರ ಜೋಡಿಸುವ ತಂತ್ರಾಂಶ. ವಿಂಡೋಸ್‌ನಲ್ಲಿ ಇವರೆಲ್ಲರ ನಡುವಿನ ಒಪ್ಪಂದವನ್ನು ಒಂದೇ ಕಂಪನಿ ಬರೆಯಿತು. ಲಿನಕ್ಸ್‌ನಲ್ಲಿ ಇಂಟೆಲ್ ವಿಎ-ಎಪಿಐ ಎಂಬ ಒಪ್ಪಂದವನ್ನು ತಂದರೆ, ಎನ್ವಿಡಿಯಾ 2008ರಲ್ಲಿ ವಿಡಿಪಿಎಯು ಎಂಬ ತನ್ನದೇ ದಾರಿ ಹಿಡಿಯಿತು. ಬ್ರೌಸರ್ ಬರೆಯುವವರು ಯಾರ ಭಾಷೆ ಕಲಿಯಬೇಕು?

ಭದ್ರತೆಯ ತೊಡಕೂ ಇದೆ. ಗುರುತುಪರಿಚಯವಿಲ್ಲದ ತಾಣದಿಂದ ಬಂದ ವಿಡಿಯೋ ಕಡತದಲ್ಲಿ ದಾಳಿಯ ಬೀಜ ಇರಬಹುದು. ಹಾಗಾಗಿ ಅದನ್ನು ಬಿಚ್ಚುವ ಕೆಲಸವನ್ನು ಬ್ರೌಸರ್‌ಗಳು ಸ್ಯಾಂಡ್‌ಬಾಕ್ಸ್ ಎಂಬ ನಿರ್ಬಂಧದೊಳಗೆ ಮಾಡಿಸುತ್ತವೆ, ಕಂಪ್ಯೂಟರಿನ ಉಳಿದ ಭಾಗಗಳನ್ನು ಅದು ಮುಟ್ಟುವಂತಿಲ್ಲ. ಆದರೆ ಗ್ರಾಫಿಕ್ಸ್ ಚಿಪ್ಪನ್ನು ಮುಟ್ಟದೆ ಹಾರ್ಡ್‌ವೇರ್ ಡಿಕೋಡಿಂಗ್ ಸಾಧ್ಯವೇ ಇಲ್ಲ. ಎಷ್ಟು ಬಾಗಿಲು ತೆರೆದರೆ ಸುರಕ್ಷಿತ ಎಂದು ತೀರ್ಮಾನಿಸಲು ಫೈರ್‌ಫಾಕ್ಸ್ ತಂಡ ತೆಗೆದುಕೊಂಡ ಸಮಯವನ್ನು ನಾನು ಆಕ್ಷೇಪಿಸಲಾರೆ.

ಪೇಟೆಂಟ್‌ಗಳ ಕಥೆಯನ್ನು ಮಾತ್ರ ಒಪ್ಪಿಕೊಳ್ಳಲಾಗದು. ಎಚ್.264, ಅದರ ನಂತರದ ಎಚ್.265 ವಿಧಾನಗಳ ಮೇಲೆ ರಾಶಿ ಪೇಟೆಂಟ್‌ಗಳಿವೆ. ಕಾನೂನಿನ ಅಂಜಿಕೆಯಿಂದ, ಲಿನಕ್ಸ್ ಹಂಚುವ ಫೆಡೋರಾ ಯೋಜನೆ 2022ರಲ್ಲಿ ತನ್ನ ಗ್ರಾಫಿಕ್ಸ್ ಡ್ರೈವರ್‌ಗಳಿಂದ ಈ ಎರಡೂ ಬಗೆಯ ಡಿಕೋಡಿಂಗ್ ತೆಗೆದುಹಾಕಿತು. ಎಎಮ್‌ಡಿ ಚಿಪ್ ಇದ್ದವರಿಗೆ ಅಂದಿನವರೆಗೆ ನಡೆಯುತ್ತಿದ್ದದ್ದು ಒಂದು ಅಪ್‌ಡೇಟ್‌ನಿಂದ ನಿಂತುಹೋಯಿತು. ಬೇಕಾದವರು ಆರ್‌ಪಿಎಮ್ ಫ್ಯೂಷನ್ ಎಂಬ ಬೇರೆ ಭಂಡಾರದಿಂದ ತಂದು ಹಾಕಿಕೊಳ್ಳಬೇಕು. ಕೊಂಡ ಸರ್ಕ್ಯೂಟನ್ನು ಬಳಸುವುದಕ್ಕೂ ಹೀಗೆ ಅಲೆಯಬೇಕಾದದ್ದು ಬಳಕೆದಾರನಿಗೆ ಆದ ಅನ್ಯಾಯವೆಂದೇ ನನ್ನ ಭಾವನೆ.

ಪೇಟೆಂಟ್ ಶುಲ್ಕದ ಕಾಟ ತಪ್ಪಿಸಲೆಂದು ವಿಪಿ9, ಆಮೇಲೆ 2018ರಲ್ಲಿ ಎವಿ1 ಎಂಬ ವಿಧಾನಗಳು ಬಂದವು. ಆದರೆ ಹಳೆಯ ಚಿಪ್‌ಗಳಿಗೆ ಅವು ಅಪರಿಚಿತ. ಇಂಟೆಲ್‌ನಲ್ಲಿ ವಿಪಿ9 ಪೂರ್ತಿಯಾಗಿ ಬಿಚ್ಚಬಲ್ಲ ಸರ್ಕ್ಯೂಟ್ ಏಳನೇ ತಲೆಮಾರಿನಿಂದ ಶುರು, ಎವಿ1ಗೆ ಹನ್ನೊಂದನೆಯದು ಬೇಕು. ಅದಕ್ಕೂ ಹಿಂದಿನ ಯಂತ್ರ ಇಟ್ಟುಕೊಂಡವರು ಎಚ್.264 ಅನ್ನೇ ಕೇಳಿ ಪಡೆಯುವ ಎಕ್ಸ್‌ಟೆನ್ಷನ್ ಹಾಕಿಕೊಳ್ಳುವುದು ಒಳ್ಳೆಯದು. ಯೂಟ್ಯೂಬ್‌ನಲ್ಲಿ ಆಗ 1080ರ ಆಚೆ ಸಿಗುವುದಿಲ್ಲ, ಅಷ್ಟೇ. ವಿಡಿಯೋಲ್ಯಾನ್ ಬಳಗದವರು ಅಸೆಂಬ್ಲಿ ಭಾಷೆಯಲ್ಲಿ ಸಾಲುಸಾಲಾಗಿ ಕೈಯಲ್ಲೇ ಬರೆದು ಚುರುಕುಗೊಳಿಸಿದ ಡೇವಿಡ್ ಎಂಬ ಎವಿ1 ಡಿಕೋಡರ್ ತಂತ್ರಾಂಶ ಇಲ್ಲದಿದ್ದರೆ ಹಳೆಯ ಯಂತ್ರಗಳ ಪಾಡು ಇನ್ನೂ ಕಷ್ಟವಿತ್ತು.

ಇಷ್ಟೆಲ್ಲದರಲ್ಲಿ ನನಗೆ ಅತಿ ದೊಡ್ಡ ತಪ್ಪಾಗಿ ಕಾಣುವುದು ಮೌನ. ಯಾವ ಕೊಂಡಿ ಕಳಚಿದರೂ ಬ್ರೌಸರ್ ಸದ್ದಿಲ್ಲದೆ ಕೆಲಸವನ್ನು ಪ್ರೊಸೆಸರ್‌ಗೆ ಒಪ್ಪಿಸುತ್ತದೆ. ವಿಡಿಯೋ ಓಡುತ್ತದೆ, ಆದ್ದರಿಂದ ಏನೋ ಕೆಟ್ಟಿದೆ ಎಂಬ ಅನುಮಾನವೇ ಬರುವುದಿಲ್ಲ. ಇಂಟೆಲ್ ಯಂತ್ರವಾದರೆ ಟರ್ಮಿನಲ್‌ನಲ್ಲಿ ಇಂಟೆಲ್ ಜಿಪಿಯು ಟಾಪ್ ಓಡಿಸಿ ನೋಡಿ. ರೆಂಡರ್, ಬ್ಲಿಟರ್, ವಿಡಿಯೋ ಎಂದು ಸಾಲುಗಳು ಬರುತ್ತವೆ. ಪಕ್ಕದ ಕಿಟಕಿಯಲ್ಲಿ ಸಿನಿಮಾ ಓಡುತ್ತಿರುವಾಗಲೂ ವಿಡಿಯೋ ಸಾಲು ಸೊನ್ನೆಯಿಂದ ಕದಲದಿದ್ದರೆ ಸರ್ಕ್ಯೂಟ್‌ಗೆ ಕೆಲಸ ತಲುಪಿಲ್ಲ ಎಂದರ್ಥ. ಸರಿಯಾದಾಗ ಅದೇ ಸಾಲಿನ ಪಟ್ಟಿ ಮೇಲೇರುತ್ತದೆ, ಫ್ಯಾನು ನಿಧಾನವಾಗುತ್ತದೆ.

ಪರಿಸ್ಥಿತಿ ಸುಧಾರಿಸುತ್ತಿದೆ. 2023ರ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 115 ಇಂಟೆಲ್ ಚಿಪ್‌ಗಳಿಗೆ, 2025ರ ಮಾರ್ಚ್‌ನ 136ನೇ ಆವೃತ್ತಿ ಎಎಮ್‌ಡಿಗೆ ಲಿನಕ್ಸ್‌ನಲ್ಲಿ ಹಾರ್ಡ್‌ವೇರ್ ಡಿಕೋಡಿಂಗನ್ನು ತಾನಾಗಿಯೇ ಚಾಲೂ ಮಾಡಿದವು. ಎನ್ವಿಡಿಯಾದವರಿಗೆ ಆಸಕ್ತರು ಬರೆದುಕೊಟ್ಟ ದುಭಾಷಿ ಡ್ರೈವರ್ ಇದೆ. ಫೈರ್‌ಫಾಕ್ಸ್‌ನ ಅಬೌಟ್-ಸಪೋರ್ಟ್ ಪುಟದಲ್ಲಿ ಯಾವ ಬಗೆಯ ವಿಡಿಯೋ ಹಾರ್ಡ್‌ವೇರ್‌ನಿಂದ ಬಿಚ್ಚಿಕೊಳ್ಳುತ್ತದೆ, ಯಾವುದು ಇಲ್ಲ ಎಂಬ ಕೋಷ್ಟಕವೂ ಸೇರಿದೆ. ಅದೇ ಮಾಹಿತಿ ವಿಡಿಯೋ ಆಡುತ್ತಿರುವ ಟ್ಯಾಬಿನ ಮೇಲೊಂದು ಚಿಕ್ಕ ಗುರುತಾಗಿ ಕಾಣುವಂತಾಗಬೇಕು. ಆಗ ನೋಡುವವರೇ ದೂರು ಕೊಡಬಲ್ಲರು.